ನಿಮ್ಮ ಕಾರ್ಡು ಯಾವ ಊರಿನದು?



ಮುಂಬಯಿ ಕನ್ನಡಿಗರನ್ನು ‘ನಿಮ್ಮದು ಯಾವ ಊರು?’ ಎಂದು ಕೇಳಿ ನೋಡಿ. ಒಂದು ಪ್ರಶ್ನೆಗೆ ಎರಡು ಉತ್ತರ ಬರುತ್ತದೆ. ‘ಇರೋದು ಟಿಟ್ವಾಳಾದಲ್ಲಿ, ಊರು ಕುಂದಾಪುರ.’ ‘ಇರೋದು ಡೊಂಬಿವಲಿ, ಊರು ಇಂಡಿ.’ ಹಬ್ಬಕ್ಕೆ, ಮದುವೆ ಮುಂಜಿಗೆ ಎರಡು ಊರು ಇರುವುದು ಚೆಂದವೇ. ಆದರೆ ಮನೆಯವರನ್ನು ಆಸ್ಪತ್ರೆಗೆ ಸೇರಿಸುವ ದಿನ ಕೌಂಟರಿನಲ್ಲಿ ‘ಯಾವ ಕಾರ್ಡ್ ಇದೆ?’ ಎಂದು ಕೇಳುತ್ತಾರಲ್ಲ, ಆಗ ಈ ಎರಡು ಊರುಗಳ ನಡುವೆ ನಾವು ಸಿಕ್ಕಿಕೊಳ್ಳುತ್ತೇವೆ. ಇಂದು ಅದರ ಬಗ್ಗೆ ನಾಲ್ಕು ಮಾತು.

ಆರೋಗ್ಯ ವಿಮೆ ಎಂದ ಕೂಡಲೇ ನಮಗೆ ಏಜೆಂಟರ ನೆನಪಾಗುತ್ತದೆ. ನಿಜ ಸಂಗತಿ ಬೇರೆಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. 2005-06ರಲ್ಲಿ, ಒಬ್ಬ ಸದಸ್ಯರಿಗಾದರೂ ವಿಮೆ ಇದ್ದ ಮನೆಗಳು ದೇಶದಲ್ಲಿ ನೂರಕ್ಕೆ ಐದು. 2015-16ರಲ್ಲಿ 29. 2019-21ರ ಸಮೀಕ್ಷೆಯಲ್ಲಿ 41. ಇದು ಇಡೀ ದೇಶದ ಸರಾಸರಿ. ಅದೇ ಸಮೀಕ್ಷೆಯಲ್ಲಿ ರಾಜಸ್ಥಾನದಲ್ಲಿ ನೂರಕ್ಕೆ 88, ಆಂಧ್ರದಲ್ಲಿ 80 ಮನೆಗಳಿಗೆ ರಕ್ಷಣೆ ಇತ್ತು. ಅಲ್ಲಿಯ ಜನ ಹೆಚ್ಚು ಪಾಲಿಸಿ ಕೊಂಡರೆಂದಲ್ಲ. ಆಂಧ್ರದಲ್ಲಿ 2007ರಲ್ಲಿ ಆರೋಗ್ಯಶ್ರೀ ಬಂತು, ರಾಜಸ್ಥಾನದಲ್ಲೂ ಸರಕಾರವೇ ಮುಂದೆ ನಿಂತಿತು. ಅಂದರೆ ನಿಮ್ಮ ತಲೆಯ ಮೇಲಿನ ಕೊಡೆಯನ್ನು ಯಾರು ಹಿಡಿದಿದ್ದಾರೆ ಎಂಬುದು, ನೀವು ಯಾವ ರಾಜ್ಯದಲ್ಲಿದ್ದೀರಿ, ಎಂಥ ಕೆಲಸದಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ.

ಟಿಟ್ವಾಳಾದ ಒಂದು ಕಟ್ಟಡವನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಕಲ್ಯಾಣ ದಾಟಿ ಶಹಾಡ್, ಆಂಬಿವಲಿ, ಆಮೇಲೆ ನಮ್ಮ ಗಣಪತಿಯ ಟಿಟ್ವಾಳಾ. ಬಾಡಿಗೆ ಕಡಿಮೆ ಎಂದು ಇಲ್ಲಿಯವರೆಗೆ ಬಂದವರೇ ಹೆಚ್ಚು. ಒಂದೇ ಮಹಡಿಯಲ್ಲಿ ನಾಲ್ಕು ಕನ್ನಡದ ಮನೆಗಳಿವೆ ಎನ್ನೋಣ.

ಮೊದಲ ಮನೆ ರೈಲ್ವೆಯವರದು. ಅವರಿಗೆ ಕಲ್ಯಾಣದ ರೈಲ್ವೆ ಆಸ್ಪತ್ರೆ ಇದೆ, ದೊಡ್ಡ ಕಾಯಿಲೆಗೆ ಭಾಯಖಳಾದ ಆಸ್ಪತ್ರೆ ಇದೆ. ನಿವೃತ್ತರ ಯೋಜನೆಗೆ ಸೇರಿದ್ದರೆ ಮುಂದೆಯೂ ಚಿಂತೆಯಿಲ್ಲ. ಊರಿಗೆ ಹೋದರೆ ಹುಬ್ಬಳ್ಳಿಯಲ್ಲೂ ರೈಲ್ವೆ ಆಸ್ಪತ್ರೆ ಉಂಟು. ಇವರ ಕಾರ್ಡು ಹಳಿಯ ಜೊತೆಗೇ ಓಡುತ್ತದೆ.

ಎರಡನೆಯ ಮನೆಯವರು ಠಾಣೆಯ ಹೊಟೇಲಿನಲ್ಲಿ ಕೆಲಸಕ್ಕಿದ್ದಾರೆ. ಅವರದು ಇ.ಎಸ್.ಐ. ಕಾರ್ಮಿಕರಿಗೆ ಇಂಥದೊಂದು ವಿಮೆ ಬೇಕೆಂದು ಪ್ರೊ. ಬಿ. ಪಿ. ಅಡಾರಕರ್ 1944ರಲ್ಲಿ ವರದಿ ಕೊಟ್ಟರು. 1948ರಲ್ಲಿ ಕಾಯಿದೆಯಾಯಿತು. 1952ರಲ್ಲಿ ಕಾನಪುರ ಮತ್ತು ದಿಲ್ಲಿಯಲ್ಲಿ ಯೋಜನೆ ಆರಂಭವಾಯಿತು. ಗಿರಣಿ, ಕಾರ್ಖಾನೆಗಳಿದ್ದ ಕಡೆ ಇದು ಬೇರು ಬಿಟ್ಟಿತು. ಮುಲುಂಡ್, ಉಲ್ಹಾಸನಗರಗಳಲ್ಲಿ ಇ.ಎಸ್.ಐ. ಆಸ್ಪತ್ರೆಗಳು ಬಂದದ್ದು ಹಾಗೆ. 2017ರ ಜನವರಿಯಲ್ಲಿ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ ಆಯಿತು. 2019ರ ಜುಲೈಯಿಂದ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕರದು ಮೂರೂಕಾಲು. ಇದರಲ್ಲಿ ಬರೀ ಆಪರೇಶನ್ ಅಲ್ಲ, ಜ್ವರ ಕೆಮ್ಮಿನ ಔಷಧವೂ ಸಿಗುತ್ತದೆ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70 ಭಾಗವೂ ಸಿಗುತ್ತದೆ. ಹೆಂಡತಿ ಮಕ್ಕಳು ಊರಿನಲ್ಲಿದ್ದರೆ ಅವರ ಹೆಸರನ್ನು ಅಲ್ಲಿಯ ಡಿಸ್ಪೆನ್ಸರಿಗೆ ಬರೆಸಬಹುದು. ಇದನ್ನು ಬರೆಸದೆ ಬಿಟ್ಟವರು ನಮ್ಮಲ್ಲಿ ಬಹಳ.

ಆದರೆ ಈ ಕಾರ್ಡು ಕೆಲಸಕ್ಕೆ ಕಟ್ಟಿದ್ದು. ಹಿಂದಿನ ಸ್ಟೇಷನ್ ಆಂಬಿವಲಿಯ ಹತ್ತಿರ ಮೋಹನೆಯಲ್ಲಿ ಎನ್.ಆರ್.ಸಿ. ಕಾರ್ಖಾನೆ ಇತ್ತು, 2009ರಲ್ಲಿ ಮುಚ್ಚಿತು. ಒಂದು ಕಾರ್ಖಾನೆ ನಿಂತರೆ ನಿಲ್ಲುವುದು ಸಂಬಳ ಒಂದೇ ಅಲ್ಲ, ಅದಕ್ಕೆ ಅಂಟಿಕೊಂಡಿದ್ದ ಆಸ್ಪತ್ರೆಯ ಬಾಗಿಲೂ ಮೆಲ್ಲಗೆ ಮುಚ್ಚುತ್ತದೆ. ಒಂದು ಸಮಾಧಾನ: ಕನಿಷ್ಠ ಐದು ವರ್ಷ ಇ.ಎಸ್.ಐ.ಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ತುಂಬಿ ಗಂಡ ಹೆಂಡತಿ ಇಬ್ಬರ ಚಿಕಿತ್ಸೆಯನ್ನು ಮುಂದುವರಿಸಬಹುದು.

ಮೂರನೆಯ ಮನೆ ವಿಜಾಪುರ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವವರದು. ನಿಜವಾದ ಕಷ್ಟ ಇರುವುದು ಇಲ್ಲಿ. ಅವರ ರೇಶನ್ ಕಾರ್ಡು ಊರಿನಲ್ಲಿದೆ. ಊರಿನಲ್ಲೇ ಇದ್ದಿದ್ದರೆ, 2018ರಲ್ಲಿ ಬಂದ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇತ್ತು. ಸಹಕಾರಿ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಇತ್ತು. 2003ರಲ್ಲಿ ವರ್ಷಕ್ಕೆ ತಲೆಗೆ 60 ರೂಪಾಯಿಯಲ್ಲಿ ಆರಂಭವಾದ ಆ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮರಳಿ ಬಂತು. ಆದರೆ ಇವೆಲ್ಲ ಆ ನೆಲದವು.

‘ಒಂದು ದೇಶ ಒಂದು ರೇಶನ್ ಕಾರ್ಡ್’ 2020ರಿಂದ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಇದೆ. ಹಾಗಾಗಿ ಊರಿನ ಕಾರ್ಡಿಗೆ ಟಿಟ್ವಾಳಾದ ಅಂಗಡಿಯಲ್ಲಿ ಧಾನ್ಯ ಸಿಗಬಹುದು. ಅದೇ ಕಾರ್ಡು ತೋರಿಸಿದರೆ ಇಲ್ಲಿ ಆಪರೇಶನ್ ಆಗುತ್ತದೆ ಎನ್ನುವಂತಿಲ್ಲ. 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಿಂದ ಕೇಂದ್ರದ ಯೋಜನೆಗೆ ಸೇರಿದ ಕುಟುಂಬವಾದರೆ, ಆಯುಷ್ಮಾನ್ ಕಾರ್ಡನ್ನು ಇಲ್ಲಿಯ ಯೋಜನೆಯ ಆಸ್ಪತ್ರೆಯಲ್ಲೂ ಬಳಸಬಹುದು. ರಾಜ್ಯ ಸರಕಾರ ತನ್ನ ಹಣದಿಂದ ಸೇರಿಸಿಕೊಂಡ ಕುಟುಂಬಕ್ಕೆ ಆ ಅನುಕೂಲ ತಾನಾಗಿ ಬರುವುದಿಲ್ಲ. ಕಾರ್ಡುಗಳು ನೋಡಲು ಒಂದೇ ಥರ. ಗುಟ್ಟು ಗೊತ್ತಾಗುವುದು ಕೌಂಟರಿನಲ್ಲಿ.

ಹಾಗಾದರೆ ಮಹಾರಾಷ್ಟ್ರದ ಯೋಜನೆ? 2012ರ ಜುಲೈಯಲ್ಲಿ ಎಂಟು ಜಿಲ್ಲೆಗಳಲ್ಲಿ ರಾಜೀವ್ ಗಾಂಧಿ ಜೀವನದಾಯಿ ಎಂದು ಆರಂಭವಾದದ್ದು, 2017ರಲ್ಲಿ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ ಆಯಿತು. ಮೊದಲು ಹಳದಿ, ಕೇಸರಿ ಕಾರ್ಡಿನವರಿಗೆ ಒಂದೂವರೆ ಲಕ್ಷದವರೆಗೆ ಇತ್ತು. 2023ರ ನಿರ್ಣಯ 2024ರ ಜುಲೈಯಲ್ಲಿ ಜಾರಿಗೆ ಬಂದು, ಬಿಳಿ ಕಾರ್ಡಿನವರನ್ನೂ ಸೇರಿಸಿ ರಾಜ್ಯದ ಎಲ್ಲ ಕುಟುಂಬಗಳಿಗೆ ಐದು ಲಕ್ಷದವರೆಗೆ ಆಯಿತು. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ ಎಂಬುದು ನೆನಪಿರಲಿ. ಇದಕ್ಕೆ ಬೇಕಾದದ್ದು ಇಲ್ಲಿಯ ರೇಶನ್ ಕಾರ್ಡು ಅಥವಾ ಡೊಮಿಸೈಲ್ ಸರ್ಟಿಫಿಕೇಟ್. ಡೊಮಿಸೈಲಿಗೆ ಸಾಮಾನ್ಯವಾಗಿ 15 ವರ್ಷದ ವಾಸ ಬೇಕು. ಇಪ್ಪತ್ತು, ಮೂವತ್ತು ವರ್ಷ ಇಲ್ಲಿದ್ದೂ ‘ಊರಿನಲ್ಲಿ ಹೆಸರು ಇರಲಿ’ ಎಂದು ಕಾರ್ಡು ಬದಲಿಸದವರು ನಮ್ಮಲ್ಲಿ ಎಷ್ಟು ಮಂದಿ! ಊರಿನ ಮೇಲಿನ ಪ್ರೀತಿ ಸರಿ. ಆದರೆ ಹೆಸರು ಇರುವಲ್ಲಿ ನಾವಿಲ್ಲ, ನಾವಿರುವಲ್ಲಿ ಹೆಸರಿಲ್ಲ ಎಂದಾದರೆ ಎರಡೂ ಸರಕಾರಗಳಿಗೆ ನಾವು ಲೆಕ್ಕಕ್ಕೆ ಸಿಗುವುದಿಲ್ಲ.

ಕಟ್ಟಡ ಕಾರ್ಮಿಕರಿಗೆ ಇನ್ನೊಂದು ದಾರಿ ಇದೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದವರು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ನೋಂದಾಯಿತ ಕಾರ್ಮಿಕರನ್ನು ಫುಲೆ ಯೋಜನೆ ಒಂದು ಪ್ರತ್ಯೇಕ ವರ್ಗವಾಗಿ ಒಳಗೆ ತೆಗೆದುಕೊಂಡಿದೆ. ಏನೂ ಇಲ್ಲದವರಿಗೆ, 2023ರ ಆಗಸ್ಟ್ 15ರಿಂದ ರಾಜ್ಯ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ.

ನಾಲ್ಕನೆಯ ಮನೆಯಲ್ಲಿ ತಂದೆ ನಿವೃತ್ತರು, ಮಗ ಐರೋಲಿಯ ಕಂಪನಿಯಲ್ಲಿ. ಮಗನ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ತಂದೆ ತಾಯಿ ಇದ್ದಾರೆ. ಒಳ್ಳೆಯದೇ, ಆದರೆ ಮಗ ಕೆಲಸ ಬಿಟ್ಟ ದಿನ ಅದೂ ಬಿಡುತ್ತದೆ. 1986ರಲ್ಲಿ ಸರಕಾರಿ ವಿಮಾ ಕಂಪನಿಗಳು ಮೆಡಿಕ್ಲೇಮ್ ತಂದವು. ಅಲ್ಲಿಂದ ಸ್ವಂತ ಪಾಲಿಸಿ ನಗರವಾಸಿಗಳ ಆಸರೆಯಾಯಿತು. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಯ ಮೇಲಿನ ನೂರಕ್ಕೆ 18ರ ಜಿ.ಎಸ್.ಟಿ. ಹೋಗಿದೆ. ಇಲ್ಲೂ ಊರಿನ ಪ್ರಶ್ನೆ ತಪ್ಪಿದ್ದಲ್ಲ. ಕೆಲವು ಪಾಲಿಸಿಗಳು ದೇಶವನ್ನು ವಲಯಗಳಾಗಿ ಹಂಚಿವೆ. ಊರಿನ ವಿಳಾಸಕ್ಕೆ ಕಡಿಮೆ ಕಂತಿನಲ್ಲಿ ಮಾಡಿಸಿದ ಪಾಲಿಸಿಗೆ, ಮುಂಬಯಿಯಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಿಮ್ಮ ಕೈಯಿಂದಲೇ ಹೋಗಬಹುದು. ಸಹಿ ಹಾಕುವ ಮೊದಲು ಕೇಳಿ.

ಮನೆಯಲ್ಲಿ 70 ದಾಟಿದ ಹಿರಿಯರಿದ್ದರೆ ಒಂದು ಶುಭವಾರ್ತೆ. 2024ರ ಅಕ್ಟೋಬರ್ 29ರಿಂದ ಆದಾಯ ಎಷ್ಟೇ ಇರಲಿ, ಅವರಿಗೆ ಆಯುಷ್ಮಾನ್ ವಯೋವಂದನ ಕಾರ್ಡಿನಲ್ಲಿ ಐದು ಲಕ್ಷದವರೆಗೆ ರಕ್ಷಣೆ ಇದೆ. ಆಧಾರ್ ಇದ್ದರೆ ಸಾಕು. ಸ್ವಂತ ಪಾಲಿಸಿ ಇದ್ದರೂ ಮಾಡಿಸಬಹುದು.

ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯಲ್ಲಿರುವ ಕಾರ್ಡುಗಳನ್ನೆಲ್ಲ ಒಂದು ಕಡೆ ಇಡಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ: ಇದು ಯಾರ ಹೆಸರಿನಲ್ಲಿದೆ? ಯಾವ ರಾಜ್ಯದಲ್ಲಿ ನಡೆಯುತ್ತದೆ? ಕೆಲಸ ಹೋದರೂ ಉಳಿಯುತ್ತದೆಯೇ? ಸಂಶಯವಿದ್ದರೆ ಆಯುಷ್ಮಾನ್‌ಗೆ 14555, ಫುಲೆ ಯೋಜನೆಗೆ 155388ಕ್ಕೆ ಫೋನ್ ಮಾಡಿ. ಯೋಜನೆಯ ಆಸ್ಪತ್ರೆಗಳಲ್ಲಿ ‘ಆರೋಗ್ಯಮಿತ್ರ’ರು ಕೂತಿರುತ್ತಾರೆ, ಅವರನ್ನೂ ಕೇಳಬಹುದು. ಪಕ್ಕದ ಖೋಲಿಯಲ್ಲಿ ಓದು ಬರಹ ಬಾರದ ನಮ್ಮವರಿದ್ದರೆ ಅವರ ಕಾರ್ಡನ್ನೂ ಒಮ್ಮೆ ನೋಡಿಕೊಡಿ. ಕಾಯಿಲೆ ಹೇಳಿ ಬರುವುದಿಲ್ಲ. ಕಾಗದ ಮಾತ್ರ ಮೊದಲೇ ಮಾಡಿಸಿಡಬಹುದು.

ಎಲ್ಲರಿಗೂ ಆರೋಗ್ಯ ಭಾಗ್ಯವಿರಲಿ.