ಹಂಚಿನ ಮಾಡಿನ ಸಂದುಗಳು



ಸಾಹಿತ್ಯವನ್ನೋ ಇತಿಹಾಸವನ್ನೋ ಕುರಿತು ಮಾತನಾಡಬೇಕಾದ ಈ ವೇದಿಕೆಯಲ್ಲಿ ಸೋರುವ ಮಾಡಿನ ವಿಷಯವನ್ನೆತ್ತಿಕೊಂಡುದಕ್ಕೆ ತಮ್ಮಲ್ಲಿ ಕೆಲವರು ನಗಬಹುದು. ನಗಲಿ. ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್ ಮೊದಲ್ಗೊಂಡು ನಾಲ್ಕೇ ತಿಂಗಳಲ್ಲಿ. ಹಳೆಯ ಶಾಲೆಯ ಮಾಡಿನ ಕೆಳಗೆ ಮಕ್ಕಳಷ್ಟೇ ಅಲ್ಲ, ಕಪಾಟಿನಲ್ಲಿ ದಾಖಲಾತಿ ಪುಸ್ತಕಗಳೂ ಇರುತ್ತವೆ. 1956ರ ನವೆಂಬರ್ 1ರಂದು ಈ ಪ್ರದೇಶವು ಕೇರಳಕ್ಕೆ ಸೇರುವ ಮುನ್ನ, ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೊಳಪಟ್ಟಿದ್ದ ಕಾಲದಲ್ಲಿ, ಕನ್ನಡದಲ್ಲಿ ಬರೆದಿಟ್ಟ ಹೆಸರುಗಳೂ ಜನ್ಮದಿನಾಂಕಗಳೂ ಅವುಗಳಲ್ಲಿವೆ. ಆ ಶಾಯಿಯ ಮೇಲೆ ಒಂದು ಮಳೆಗಾಲ ಹನಿ ಬಿದ್ದರೆ ಪುಟವನ್ನು ಮತ್ತೆ ಬರೆದುಕೊಡುವವರು ಯಾರು?

ಮಂಗಳೂರು ಹಂಚೆಂದು ಪ್ರಸಿದ್ಧವಾದ ಈ ಹಂಚನ್ನು ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಮಾಡತೊಡಗಿದರು. ಅದರ ಜಾಣ್ಮೆಯೆಲ್ಲ ಅಂಚಿನಲ್ಲಿದೆ. ಒಂದು ಪಕ್ಕದಲ್ಲಿ ಸಣ್ಣ ಕಾಲುವೆ, ಇನ್ನೊಂದು ಪಕ್ಕದಲ್ಲಿ ನೆರೆಯ ಹಂಚಿನ ಕಾಲುವೆಯೊಳಗೆ ಕೂರುವ ಏಣು. ಗಾರೆಯ ಹಂಗಿಲ್ಲ. ಸಂದಿಗೆ ನುಗ್ಗಿದ ನೀರು ಕಾಲುವೆಯಲ್ಲೇ ಹರಿದು ಕೆಳಗಿನ ಹಂಚಿನ ಬೆನ್ನಿಗೆ ಬೀಳುತ್ತದೆ. ಎಂದರೆ, ಈ ಸಂದು ನೀರನ್ನು ತಡೆದು ನಿಲ್ಲಿಸುವುದಲ್ಲ, ದಾರಿ ತೋರಿಸಿ ಕಳುಹಿಸಿಕೊಡುವುದು. ಆ ದಾರಿಯಲ್ಲಿ ಪಾಚಿ, ಧೂಳು, ತರಗೆಲೆಯ ಚೂರು ತುಂಬಿಕೊಂಡರೆ ನೀರು ಏಣನ್ನು ದಾಟಿ ಒಳಗಿಳಿಯುತ್ತದೆ. ಒಂದು ಹಂಚೂ ಒಡೆಯದೆ ಮಾಡು ಸೋರುವುದು ಹೀಗೆ.

ಆದಕಾರಣ ಸೋರುವಲ್ಲೆಲ್ಲ ಸಿಮೆಂಟು ಮೆತ್ತುವ ನಮ್ಮ ರೂಢಿಯು ರೋಗಕ್ಕಿಂತ ಕೆಟ್ಟ ಮದ್ದು. ಮೆತ್ತಿದ ಸಿಮೆಂಟು ಕಾಲುವೆಯನ್ನೇ ಮುಚ್ಚಿಬಿಡುತ್ತದೆ. ಬಿಸಿಲಿಗೂ ತೇವಕ್ಕೂ ಕೆಳಗಿನ ಮರ ಅಲುಗುವಾಗ ಅದು ಬಿರಿಯುತ್ತದೆ. ಕೂದಲೆಳೆಯಂತಹ ಆ ಬಿರುಕು ನೀರನ್ನು ಹೀರಿ ಹಿಡಿದಿಟ್ಟುಕೊಂಡು ರೀಪನ್ನು ಕೊಳೆಸುತ್ತದೆ. ಮರುವರ್ಷ ಹಂಚನ್ನು ಬಿಡಿಸಹೋದರೆ ಅಂಚು ಮುರಿದೇ ಕೈಗೆ ಬರುತ್ತದೆ.

ಸರಿಯಾದ ಕ್ರಮವು ನಿಧಾನದ್ದು. ಹನಿ ಬಿದ್ದ ಜಾಗದ ನೇರಕ್ಕೆ ಮೇಲೆ ನೋಡಿದರೆ ದೋಷ ಸಿಕ್ಕುವುದು ಅಪರೂಪ. ನೀರು ಎಲ್ಲೋ ಒಳಹೊಕ್ಕು, ರೀಪಿನ ಗುಂಟ ಸರಿದು, ಪಕ್ಕಾಸನ್ನು ಹಿಡಿದಿಳಿದು, ನಾಲ್ಕು ಮಾರು ಆಚೆ ತೊಟ್ಟಿಕ್ಕುತ್ತದೆ. ಮಳೆ ಸುರಿಯುತ್ತಿರುವಾಗಲೇ ಒಳಗೆ ನಿಂತು, ಒದ್ದೆಯ ಜಾಡನ್ನು ಮೇಲ್ಮುಖವಾಗಿ ಅನುಸರಿಸಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಬೇಸಗೆಯಲ್ಲಾದರೆ ನಡುಹಗಲು ಬಾಗಿಲು ಕಿಟಕಿಗಳನ್ನು ಮುಚ್ಚಿ ಮೇಲೆ ನೋಡಿರಿ. ಬೆಳಕಿನ ಚುಕ್ಕೆ ಕಂಡಲ್ಲಿ ಹಂಚು ಜಾರಿದೆ ಇಲ್ಲವೆ ಬಿರಿದಿದೆ. ಬಳಿಕ ಆ ಭಾಗದ ಹಂಚುಗಳನ್ನು ಸಾಲುಸಾಲಾಗಿ ಇಳಿಸಿ, ಕಾಲುವೆಗಳನ್ನು ಉಜ್ಜಿ ತೊಳೆದು, ಕೊಳೆತ ರೀಪನ್ನು ಬದಲಿಸಿ, ಕೆಳಗಿನ ಸಾಲಿನಿಂದ ಮೇಲಕ್ಕೆ ಮರಳಿ ಹೊದಿಸಬೇಕು.

ಗಾರೆ ನಿಜವಾಗಿ ಬೇಕಾಗುವುದು ನೆತ್ತಿಯ ಬಾಗುಹಂಚುಗಳ ಅಡಿಯಲ್ಲಿ ಮತ್ತು ಮಾಡು ಗೋಡೆಯನ್ನು ಸಂಧಿಸುವಲ್ಲಿ. ಅಲ್ಲಿಯೂ ಹಳೆಯದರ ಮೇಲೆ ಹೊಸದನ್ನು ಬಳಿಯುವುದು ವ್ಯರ್ಥ. ಸಡಿಲಾದುದನ್ನೆಲ್ಲ ಕೆತ್ತಿ ತೆಗೆದು, ಹಂಚನ್ನು ನೀರಿನಿಂದ ನೆನೆಸಿ, ಆ ಮೇಲೆ ಗಾರೆಯಿಡಬೇಕು. ಒಣ ಹಂಚು ಗಾರೆಯ ತೇವವನ್ನು ಹೀರಿಬಿಡುವುದರಿಂದ ಬೆಸುಗೆ ಹಿಡಿಯದು. ಸಿಮೆಂಟು ಹೆಚ್ಚಾದಷ್ಟೂ ಬಿರಿಯುವುದು ಹೆಚ್ಚು. ತುಸು ಸುಣ್ಣ ಬೆರೆಸಿದ ಗಾರೆ ಮೃದು, ಬಾಳಿಕೆಯೂ ಉಂಟು. ಎರಡು ಮಾಡುಗಳು ಕೂಡುವ ತಗ್ಗಿನ ತಗಡಿಗೆ ಗಾರೆ ಬೇಕಿಲ್ಲ, ಪೊರಕೆ ಸಾಕು.

ಒಂದು ಕಾರ್ಖಾನೆಯ ಹಂಚಿನ ಏಣು ಇನ್ನೊಂದರ ಕಾಲುವೆಯಲ್ಲಿ ಅನೇಕ ವೇಳೆ ಸರಿಯಾಗಿ ಕೂರುವುದಿಲ್ಲ. ಹಳೆಯ ಮನೆ ಕೆಡವುವ ಪೋಷಕರು ಹಂಚನ್ನು ಮಾರುವ ಮುಂಚೆ ಅದರ ಬೆನ್ನಿನ ಮುದ್ರೆಯನ್ನು ಶಾಲೆಯ ಹಂಚಿನೊಡನೆ ಹೋಲಿಸಿ ನೋಡಲಿ. ಮುದ್ರೆ ಕೂಡಿದರೆ ಐವತ್ತು ಹಂಚುಗಳ ದಾನವು ಐವತ್ತು ಕುರ್ಚಿಗಳ ದಾನಕ್ಕಿಂತ ದೊಡ್ಡದು.

ಮಾಡು ಹತ್ತುವುದು ಬಲ್ಲ ಕೆಲಸಗಾರರ ಕಾರ್ಯ. ಪಾಚಿ ಹಿಡಿದ ಹಂಚು ಎಣ್ಣೆಯಂತೆ ಜಾರುತ್ತದೆ. ವಿದ್ಯಾರ್ಥಿಗಳು ನೆಲದ ಮೇಲೆಯೇ ನಿಂತು ಗುರುತು ಹಾಕುವ ಕೆಲಸವನ್ನು ವಹಿಸಿಕೊಳ್ಳಲಿ. ಹಂಚು ಇಳಿಸಲು ಏಪ್ರಿಲ್ ಮತ್ತು ಮೇ ತಿಂಗಳ ರಜೆಯಿದೆ. ದಾಖಲಾತಿ ಪುಸ್ತಕಗಳ ಕಪಾಟನ್ನು ಮಾತ್ರ ಅಲ್ಲಿಯ ತನಕ ಕಾಯಿಸದೆ, ಗೋಡೆಯ ಸಂದಿನಿಂದ ಈ ವಾರವೇ ಸರಿಸಿಡೋಣ.