ಮೊದಲ ಸಲಕ್ಕೇ ಸರಿಯಾದದ್ದೆಷ್ಟು?

(ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ವೇರೂಳಿನ ಕೈಲಾಸ ದೇವಾಲಯವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು ಎಂದು ಹೇಳಿ ಕನ್ನಡಿಗರಾದ ನಾವು ಎದೆಯುಬ್ಬಿಸುತ್ತೇವೆ. ತಪ್ಪಿಲ್ಲ. ಆದರೆ ರಾಜನ ಹೆಸರು ಹೇಳಿದ ಮೇಲೆ ಉಳಿ ಹಿಡಿದವರ ಕೆಲಸವನ್ನೂ ನೋಡಬೇಕು. ಸುಮಾರು 276 ಅಡಿ ಉದ್ದ, 154 ಅಡಿ ಅಗಲದ ಅಂಗಳ. ಹಿಂದಿನ ಬಂಡೆ 107 ಅಡಿ ಎತ್ತರ. ಇದು ಕಟ್ಟಿದ್ದಲ್ಲ, ಮೇಲಿನಿಂದ ಕೆಳಕ್ಕೆ ಕಡಿದದ್ದು. ಶಿಖರ ಮೊದಲು, ಪಾದ ಕೊನೆಗೆ. ಬುಡದ ಆನೆಯ ಸೊಂಡಿಲಿಗೆಂದು ಬಿಡಬೇಕಾದ ಕಲ್ಲನ್ನು ಒಬ್ಬ ಹಾರಿಸಿಬಿಟ್ಟರೆ, ಅವನ ಹಿಂದೆ ಬರುವವನು ಎಷ್ಟೇ ನಿಪುಣನಾದರೂ ಆ ಕಲ್ಲು ತಿರುಗಿ ಬಾರದು. ಅಳತೆ, ಗೆರೆ, ಪರೀಕ್ಷೆ ಎಲ್ಲವೂ ಪೆಟ್ಟಿಗೆ ಮೊದಲೇ ಆಗಬೇಕು.

ಕಾರ್ಖಾನೆಗಳಲ್ಲಿ ಇದಕ್ಕೆ ‘ಫಸ್ಟ್ ಟೈಮ್ ರೈಟ್’ ಎನ್ನುತ್ತಾರೆ. ನೂರು ನಗಗಳಲ್ಲಿ ತಿದ್ದದೆ, ಮತ್ತೆ ಮಾಡದೆ, ಮೊದಲ ಸಲಕ್ಕೇ ಸರಿಯಾಗಿ ಮುಂದಕ್ಕೆ ಹೋದದ್ದೆಷ್ಟು? ತಿದ್ದಿ ಸರಿಮಾಡಿದ್ದು ಈ ಲೆಕ್ಕಕ್ಕೆ ಸೇರದು.

ನಮ್ಮ ಕೆಲಸದಲ್ಲಿ ಮತ್ತೆ ಮಾಡಬಹುದು, ತೊಡಕಿರುವುದೇ ಅಲ್ಲಿ. ದೋಸೆ ಹರಿದರೆ ಇನ್ನೊಂದು ಹುಯ್ಯುತ್ತೇವೆ. ಗಿರಾಕಿಗೆ ದೋಸೆ ಸಿಕ್ಕಿತು, ಗಲ್ಲೆಗೆ ಹಣ ಬಂತು, ಹರಿದದ್ದು ಯಾವ ಪುಸ್ತಕದಲ್ಲೂ ಇಲ್ಲ. ನಾಸಿಕದಲ್ಲಿ 1928ರಿಂದ ನೋಟು ಅಚ್ಚಾಗುತ್ತಿದೆ. ನಮ್ಮ ದೇಶದಲ್ಲಿ ಅಚ್ಚು ಕೆಟ್ಟ ನೋಟಿನ ಬದಲು ಅದೇ ನಂಬರಿನ ಇನ್ನೊಂದನ್ನು ಇಡುವ ಪದ್ಧತಿ ಇತ್ತು. ಹೊರಗಿನವರಿಗೆ ಏನೂ ಕಾಣುತ್ತಿರಲಿಲ್ಲ. 2006ರಿಂದ ಬದಲಿ ನೋಟಿನ ನಂಬರಿನಲ್ಲಿ ಒಂದು ನಕ್ಷತ್ರ ಹಾಕತೊಡಗಿದರು. ಆ ನಕ್ಷತ್ರ ಕಂಡರೆ ಒಂದು ನೋಟು ಮೊದಲ ಸಲಕ್ಕೆ ಸರಿಬರಲಿಲ್ಲವೆಂದು ತಿಳಿಯಬೇಕು. ನಮ್ಮ ಅಡಿಗೆಮನೆಗೆ ಅಂಥ ನಕ್ಷತ್ರ ಬೇಕು.

ಈಗ ಒಂದು ಲೆಕ್ಕ. ರುಬ್ಬುವವರು, ಕಾವಲಿಯವರು, ಸಪ್ಲಾಯರ್ — ಮೂರು ಕೈ. ಒಬ್ಬೊಬ್ಬರದೂ ನೂರಕ್ಕೆ ತೊಂಬತ್ತು ಸರಿ ಎನ್ನಿ. ಒಟ್ಟು ಎಷ್ಟು? ತೊಂಬತ್ತು ಎಂದು ಹೇಳುವವರೇ ಹೆಚ್ಚು. ಅಲ್ಲ. ನೂರರಲ್ಲಿ 90, ಅದರಲ್ಲಿ 81, ಅದರಲ್ಲಿ ಸುಮಾರು 73. ಗಲ್ಲೆಯಲ್ಲಿ ಕೂತವರಿಗೆ ನೂರಕ್ಕೆ ನೂರು ಕಂಡರೂ, ಇಪ್ಪತ್ತೇಳು ಸಲ ಎಲ್ಲೋ ಒಂದು ಕಡೆ ಎರಡನೆಯ ಸಲ ಕೈ ಆಡಿದೆ. ಆ ದುಡಿಮೆ ನಮ್ಮದು, ಬಾಗಿಲು ಹಾಕಿದ ಮೇಲೂ ನಿಲ್ಲುವವರು ನಾವು. ಗ್ಯಾಸಿನ ಖರ್ಚು ಮಾಲಿಕರದು, ಅದನ್ನು ಅವರು ನಮಗೆ ನೆನಪಿಸುತ್ತಲೇ ಇರುತ್ತಾರೆ!

ತಪ್ಪು ಹುಟ್ಟುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಚಳಿಗೆ ಹುಳಿ ಬಾರದ ಹಿಟ್ಟು ಕಾವಲಿಯ ಮೇಲೆ ಸರಿಯಾಗಿ ಏಳದು, ಬೈಗಳು ಕಾವಲಿಯವನಿಗೆ. ಒಂದೇ ಉಸಿರಿಗೆ ಎಂಟು ಆರ್ಡರು ಕೂಗಿದರೆ ಕಾವಲಿ ಕಾಯುವ ಮೊದಲೇ ಹಿಟ್ಟು ಹುಯ್ಯಬೇಕಾಗುತ್ತದೆ, ಆಗಲೂ ಅವನಿಗೇ. ನಾವು ದುಡಿದ ಒಂದು ಹೋಟೆಲಿನಲ್ಲಿ ಹಿಂದಕ್ಕೆ ಬಂದ ತಟ್ಟೆಯ ಬೆಲೆಯನ್ನು ತಂದವನ ಸಂಬಳದಲ್ಲಿ ಹಿಡಿಯುತ್ತಿದ್ದರು. ನಷ್ಟಕ್ಕೆಂದು ಸಂಬಳ ಕಡಿಯುವ ಮುನ್ನ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು 1936ರ ವೇತನ ಪಾವತಿ ಕಾಯ್ದೆಯೇ ವಿಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಆ ಮಾತಿದೆ. ಆದರೆ ಕೇಳಿದಾಗ ತೋರಿಸಲು ಕೈಯಲ್ಲಿ ಲೆಕ್ಕವಿರಬೇಕಲ್ಲ?

ಆದ್ದರಿಂದ ನಾವು ಸೂಚಿಸುವುದು ಇಷ್ಟೆ. ರುಬ್ಬುವಲ್ಲಿ, ಕಾವಲಿಯ ಬಳಿ, ತಟ್ಟೆ ಎತ್ತುವಲ್ಲಿ ಒಂದೊಂದು ಸ್ಲೇಟು. ‘ಸರಿ’ ಎಂದರೇನೆಂದು ಮೊದಲೇ ಕೂತು ಒಪ್ಪಿಕೊಳ್ಳಿ: ಹರಿದಿರಬಾರದು, ಆರಿರಬಾರದು, ಹೇಳಿದ್ದೇ ಬಂದಿರಬೇಕು. ತಪ್ಪಿದೊಡನೆ, ಮತ್ತೆ ಮಾಡುವ ಮುಂಚೆಯೇ, ಒಂದು ಗೀಟು, ಪಕ್ಕದಲ್ಲಿ ಕಾರಣ. ಹೆಸರು ಬೇಡ. ಹೆಸರು ಬರೆದ ದಿನವೇ ಗೀಟು ಹಾಕುವವರು ಇಲ್ಲವಾಗುತ್ತಾರೆ, ಸ್ಲೇಟು ಸುಳ್ಳು ಹೇಳುತ್ತದೆ. ಮಾಲಿಕರು ಹೆಸರು ಕೇಳಿದರೆ ಸಂಘಕ್ಕೆ ತಿಳಿಸಿ, ನಾವು ಬಂದು ಮಾತಾಡುತ್ತೇವೆ. ಒಂದು ವಾರ ನಡೆಸಿ, ಮುಂದಿನ ಸಭೆಗೆ ಗೀಟುಗಳನ್ನು ಕಾಗದಕ್ಕೆ ಇಳಿಸಿ ತನ್ನಿ.