ಸಂಬಳದ ಲೆಕ್ಕ ಬರೆಯುವವರ ಹಕ್ಕು

(ಜುಮಾ ಖುತ್ಬಾ ಸಾರಾಂಶ, ಜನವರಿ 2026)





ಕೂಲಿಯವನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಪ್ರವಾದಿಯವರ(ಸ) ಬೋಧನೆಯನ್ನು ಈ ಮಿಂಬರಿನಿಂದ ನಾವು ಅನೇಕ ಸಲ ಕೇಳಿದ್ದೇವೆ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿದೆ. ಆದರೆ ಆ ಕೂಲಿಯ ಲೆಕ್ಕ ಬರೆಯುವವನ ಬೆವರಿನ ಬಗ್ಗೆ ನಾವು ಎಂದಾದರೂ ಮಾತಾಡಿದ್ದೇವೆಯೇ?

ನಮ್ಮ ಜಿಲ್ಲೆಯನ್ನೇ ನೋಡಿ. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳಿವೆ, ಅಪೆರೆಲ್ ಪಾರ್ಕ್ ಇದೆ, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿವೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. ಹೊಸಕೋಟೆ, ನೆಲಮಂಗಲದ ಹೆದ್ದಾರಿಗಳ ಎರಡೂ ಬದಿಗೆ ಗೋದಾಮುಗಳಿವೆ. ಇವೆಲ್ಲದರ ಹಿಂದೆ ಒಂದು ಸಣ್ಣ ಕೋಣೆ ಇರುತ್ತದೆ. ಅಲ್ಲಿ ಒಬ್ಬರೋ ಇಬ್ಬರೋ ಕೂತು ಹಾಜರಿ, ಓಟಿ, ರಜೆ, ಪಿಎಫ್, ಇಎಸ್‌ಐ, ತೆರಿಗೆ ಎಲ್ಲವನ್ನೂ ಕೂಡಿ ಕಳೆದು ಬಟವಾಡೆ ಪಟ್ಟಿ ಮಾಡುತ್ತಾರೆ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ, ಬಿಕಾಂ ಓದಿದ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಮಾರ್ಚ್ ಬಂತೆಂದರೆ ಇವರ ಮನೆಯವರಿಗೆ ಇವರ ಮುಖ ಕಾಣುವುದೇ ಅಪರೂಪ.

ಕಳೆದ ವರ್ಷ ಏನಾಯಿತೆಂದು ನೆನಪಿಸಿಕೊಳ್ಳಿ. 2025ರಲ್ಲಿ ರಂಜಾನ್ ಮಾರ್ಚ್ 2ಕ್ಕೆ ಆರಂಭವಾಗಿ ಈದ್ ಮಾರ್ಚ್ 31ಕ್ಕೆ ಬಂತು. ಹಣಕಾಸು ವರ್ಷದ ಕೊನೆಯ ದಿನವೂ ಅದೇ. ಸರ್ಕಾರಿ ಲೆಕ್ಕದ ವಹಿವಾಟಿಗಾಗಿ ಆ ದಿನ ಬ್ಯಾಂಕುಗಳನ್ನು ತೆರೆದಿಡುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ನಮ್ಮ ಜಮಾಅತಿನ ಯುವಕನೊಬ್ಬ ಈದ್ಗಾದಲ್ಲಿ ನಮಾಝ್ ಮುಗಿಸಿದವನೇ ಆಲಿಂಗನಕ್ಕೂ ನಿಲ್ಲದೆ ಬೈಕ್ ಹತ್ತಿ ಆಫೀಸಿಗೆ ಹೋದ. ಆ ತಿಂಗಳಿಡೀ ಅವನು ತರಾವೀಹ್‌ಗೆ ಬಂದದ್ದು ಬೆರಳೆಣಿಕೆಯ ದಿನ. ಸಹರಿಗೆ ಎದ್ದವನು ಮತ್ತೆ ಮಲಗದೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಕೊನೆಗೆ ಹಾಜರಿಯ ಒಂದು ಪುಟ ಸೇರಿಸಲು ಮರೆತ. ಒಂದು ಪಾಳಿಯವರ ಓಟಿ ಹಣ ಬರಲಿಲ್ಲ. ಹಬ್ಬದ ಸಾಲ ತೀರಿಸಲು ಆ ಹಣವನ್ನೇ ನಂಬಿದ್ದವರು ಅವನ ಮೇಜಿನ ಮುಂದೆ ಬಂದು ನಿಂತರು. ಬಾಕಿ ಹಣ ಮುಂದಿನ ತಿಂಗಳು ಸೇರಿತು, ನಿಜ. ಆದರೆ ಅವನು ಮೇ ತಿಂಗಳಲ್ಲಿ ಕೆಲಸ ಬಿಟ್ಟ. 'ಅಂಕಿ ನೋಡಿದರೆ ಕೈ ನಡುಗುತ್ತದೆ' ಎಂದು ನಮ್ಮ ಬಳಿ ಹೇಳಿಕೊಂಡ.

ತಪ್ಪು ಯಾರದು? ಪುಟ ಮರೆತವನದು ಮಾತ್ರವೇ? ಅಷ್ಟು ಹೊರೆಯನ್ನು ಒಬ್ಬನ ತಲೆಯ ಮೇಲೆ ಹೊರಿಸಿದವರಿಗೂ ಅದರಲ್ಲಿ ಪಾಲಿಲ್ಲವೇ?

ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ನಿಮಗೆ ಗೊತ್ತಿದೆ. ಅದು ಸೂರಃ ಅಲ್‌ಬಕರದ 282ನೆಯ ಸೂಕ್ತ. ಅದರ ವಿಷಯ ಲೆಕ್ಕ ಬರೆಯುವುದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು ಎಂದು ಅಲ್ಲಿ ಆದೇಶವಿದೆ. ಅದೇ ಸೂಕ್ತದ ಕೊನೆಯ ಭಾಗದಲ್ಲಿ, ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದೆಂಬ ಆದೇಶವೂ ಇದೆ. ಮೊದಲನೆಯದನ್ನು ನಾವು ಬಾಯಿಪಾಠ ಮಾಡಿದ್ದೇವೆ. ಎರಡನೆಯದನ್ನು ಮರೆತಿದ್ದೇವೆ. ಬರೆಯುವವನಿಗೆ ತೊಂದರೆ ಕೊಡುವುದೆಂದರೆ ಹೊಡೆಯುವುದು ಬಡಿಯುವುದು ಮಾತ್ರವಲ್ಲ. ನಿದ್ದೆ ಕೆಡಿಸಿ ಬರೆಸುವುದೂ, ಸುಳ್ಳು ಬರೆಸುವುದೂ ತೊಂದರೆಯೇ.

ಖಲೀಫಾ ಉಮರ್(ರ) ಅವರ ಕಾಲದಲ್ಲಿ, ಹಿಜರಿ ಎರಡನೆಯ ದಶಕದಲ್ಲಿ, ದಿವಾನ್ ಎಂಬ ದಾಖಲೆ ಪುಸ್ತಕ ಆರಂಭವಾಯಿತು. ಬೈತುಲ್ ಮಾಲಿನಿಂದ ಯಾರಿಗೆ ವರ್ಷಕ್ಕೆ ಎಷ್ಟು ಸಲ್ಲಬೇಕೆಂದು ಹೆಸರು ಸಹಿತ ಬರೆದಿಡುವ ಪುಸ್ತಕವದು. ಈ ಕೆಲಸವನ್ನು ಅವರು ಒಬ್ಬರ ಹೆಗಲಿಗೆ ಹಾಕಲಿಲ್ಲ. ಅಕೀಲ್ ಬಿನ್ ಅಬೀತಾಲಿಬ್, ಮಖ್ರಮಾ ಬಿನ್ ನೌಫಲ್, ಜುಬೈರ್ ಬಿನ್ ಮುತ್‌ಇಮ್ ಎಂಬ ಮೂವರಿಗೆ ಒಪ್ಪಿಸಿದರು. ಮೂವರೂ ವಂಶಾವಳಿ ಬಲ್ಲವರು. ಮೊದಲ ಪಟ್ಟಿಯಲ್ಲಿ ಖಲೀಫರ ಕುಟುಂಬದ ಹೆಸರು ಮೇಲೆ ಬಂದಾಗ, ಪ್ರವಾದಿಯವರಿಗೆ(ಸ) ಹತ್ತಿರದವರಿಂದ ಆರಂಭಿಸಿ, ಉಮರನನ್ನು ಅವನ ಜಾಗದಲ್ಲಿಡಿ ಎಂಬ ಅರ್ಥದ ಮಾತು ಹೇಳಿ ತಿದ್ದಿಸಿದರು. ಬಲ್ಲವರಿಗೆ ಕೆಲಸ ಕೊಡಿ, ಹಂಚಿ ಕೊಡಿ, ಯಜಮಾನನೇ ಕೂತು ಪರಿಶೀಲಿಸಲಿ. ನಮಗೆ ಇದರಲ್ಲಿ ಮೂರು ಪಾಠಗಳಿವೆ.

ಈಗ ಲೆಕ್ಕದ ಕೆಲಸದಲ್ಲಿರುವ ಸಹೋದರ ಸಹೋದರಿಯರಿಗೆ ಒಂದು ಮಾತು. ವರ್ಷಾಂತ್ಯದ ಕೆಲಸವೆಲ್ಲಾ ಮಾರ್ಚ್ 31ರ ರಾತ್ರಿಯೇ ಮುಗಿಯಬೇಕೆಂಬ ಭಯವಿದೆ. ಕಾನೂನು ಹಾಗೆ ಹೇಳಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು. ಪಿಎಫ್ ಮತ್ತು ಇಎಸ್‌ಐ 15ರೊಳಗೆ ಕಟ್ಟಬೇಕು. ಮಾರ್ಚ್ ಸಂಬಳದಿಂದ ಹಿಡಿದ ಟಿಡಿಎಸ್ ಕಟ್ಟಲು ಏಪ್ರಿಲ್ 30ರವರೆಗೆ, ಕೊನೆಯ ತ್ರೈಮಾಸಿಕದ ವಿವರ ಸಲ್ಲಿಸಲು ಮೇ 31ರವರೆಗೆ, ಫಾರಂ 16 ಕೊಡಲು ಜೂನ್ 15ರವರೆಗೆ ಅವಕಾಶವಿದೆ. ಈ ದಿನಾಂಕಗಳನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಯಾವುದು ಇಂದಿನದು, ಯಾವುದು ಮುಂದಿನ ತಿಂಗಳದು ಎಂಬುದು ಕಣ್ಣಿಗೆ ಕಂಡರೆ ಎದೆಯ ಭಾರ ಅರ್ಧ ಇಳಿಯುತ್ತದೆ.

ಉಳಿದರ್ಧ ಇಳಿಯಬೇಕಾದರೆ ಜನವರಿಯಲ್ಲೇ ಆರಂಭಿಸಬೇಕು. ಈ ವರ್ಷ ಚಂದ್ರದರ್ಶನದ ಮೇರೆಗೆ ರಂಜಾನ್ ಫೆಬ್ರವರಿ ಮೂರನೆಯ ವಾರದಲ್ಲಿ ಆರಂಭವಾಗಲಿದೆ. ಹಾಗಾಗಿ ತೆರಿಗೆಯ ದಾಖಲೆ ಕೇಳುವುದು, ಅದುವರೆಗಿನ ತಿಂಗಳುಗಳ ಪಟ್ಟಿಯನ್ನು ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವುದು ರಂಜಾನಿಗೆ ಮೊದಲು ಆದಷ್ಟೂ ಮುಗಿಯಲಿ. ಫೆಬ್ರವರಿಯ ವೃತ್ತಿ ತೆರಿಗೆ 200 ಅಲ್ಲ, 300 ರೂಪಾಯಿ ಎಂಬಂಥ ಸಣ್ಣ ಸಂಗತಿಗಳನ್ನು ಈಗಲೇ ಗುರುತು ಹಾಕಿಕೊಳ್ಳಿ. ಉಪವಾಸದಲ್ಲಿ ಬೆಳಗಿನ ಹೊತ್ತು ತಲೆ ಚುರುಕಾಗಿರುತ್ತದೆ. ಅಂಕಿ ಸಂಖ್ಯೆಯ ಕೆಲಸ ಆಗ ಮಾಡಿ. ಅಸರ್ ನಂತರ ಫೈಲ್ ಜೋಡಿಸುವ ಕೆಲಸ ಇಟ್ಟುಕೊಳ್ಳಿ. ಝುಹರ್ ಸಮಯದಲ್ಲಿ ಎದ್ದು ವುಝೂ ಮಾಡಿ ನಮಾಝ್ ಮಾಡಿ. ಅದು ಕೆಲಸಕ್ಕೆ ಅಡ್ಡಿಯಲ್ಲ, ಕಣ್ಣಿಗೂ ಬೆನ್ನಿಗೂ ಮನಸ್ಸಿಗೂ ಬಿಡುವು. ರಾತ್ರಿ ಹನ್ನೊಂದರ ನಂತರ ಯಾರ ಸಂಬಳವನ್ನೂ ಅಂತಿಮಗೊಳಿಸಬೇಡಿ. ಬೆಳಿಗ್ಗೆ ಇನ್ನೊಬ್ಬರ ಕಣ್ಣಿಗೆ ಬಿದ್ದ ಮೇಲೆ ಬ್ಯಾಂಕಿಗೆ ಕಳಿಸಿ.

ಬಳಲಿಕೆಯನ್ನು ಸೋಮಾರಿತನವೆಂದು ತಿಳಿಯಬೇಡಿ. ಕೆಲಸದ ಒತ್ತಡದಿಂದ ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಪಟ್ಟಿಯಲ್ಲಿ ವಿವರಿಸಿದೆ. ಅದಕ್ಕೆ ಮೂರು ಲಕ್ಷಣ ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆಯೇ ಜಿಗುಪ್ಸೆ ಬರುವುದು, ಮಾಡಿದ್ದು ಫಲಿಸದಂತಾಗುವುದು. ಇವು ಕಂಡರೆ ಬಾಯಿಬಿಟ್ಟು ಹೇಳಿ. ಮೇಲಿನವರಿಗೆ ಹೇಳಿ, ಮನೆಯಲ್ಲಿ ಹೇಳಿ, ಅಗತ್ಯವಿದ್ದರೆ ವೈದ್ಯರಿಗೆ ಹೇಳಿ. ಹಗಲೆಲ್ಲಾ ಉಪವಾಸ, ರಾತ್ರಿಯೆಲ್ಲಾ ನಮಾಝ್ ಎಂದು ದೇಹ ದಣಿಸುತ್ತಿದ್ದ ಅಬೂದರ್ದಾ(ರ) ಅವರನ್ನು ಸಲ್ಮಾನ್(ರ) ತಡೆದು, ನಿನ್ನ ಪ್ರಭುವಿಗೆ ಹಕ್ಕಿರುವಂತೆ ನಿನ್ನ ದೇಹಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿದ ಪ್ರಸಂಗ ಬುಖಾರಿಯಲ್ಲಿದೆ. ಸಲ್ಮಾನ್ ಹೇಳಿದ್ದು ಸರಿ ಎಂದು ಪ್ರವಾದಿಯವರು(ಸ) ಒಪ್ಪಿದರು. ಇಬಾದತ್ತಿಗೇ ಈ ಮಿತಿಯಿರುವಾಗ ಎಕ್ಸೆಲ್ ಹಾಳೆಗೆ ಮಿತಿ ಬೇಡವೇ?

ಮಗ್ಗ, ಗ್ಯಾರೇಜು, ಗುತ್ತಿಗೆ, ಸಣ್ಣ ಕಾರ್ಖಾನೆ ನಡೆಸುವ ನಮ್ಮ ಸಾಹುಕಾರರೇ, ನಿಮಗೂ ಒಂದು ಮಾತು. ಕೈಕೆಳಗಿನವರ ಮೇಲೆ ಶಕ್ತಿ ಮೀರಿ ಹೊರೆ ಹಾಕಬೇಡಿ, ಹಾಕಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿಯವರ(ಸ) ಬೋಧನೆ. ಸಂಬಳ ಹೆಚ್ಚಿಸುವ ತೀರ್ಮಾನವನ್ನು ಮಾರ್ಚ್ 30ರ ಸಂಜೆ ಹೇಳಬೇಡಿ. ಮುಂಗಡ ಕೊಟ್ಟ ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು ವರ್ಷದ ಕೊನೆಗೆ ಒಟ್ಟಿಗೆ ಸುರಿಯಬೇಡಿ. ಎರಡು ತಿಂಗಳ ಮಟ್ಟಿಗಾದರೂ ಒಬ್ಬ ಸಹಾಯಕನನ್ನಿಡಿ. ವರ್ಷಾಂತ್ಯ ಮುಗಿದ ಮೇಲೆ ಬರೆದವರಿಗೆ ಎರಡು ದಿನ ರಜೆ ಕೊಡಿ.

ಇನ್ನು ಸಂಬಳ ಪಡೆಯುವ ನಾವೆಲ್ಲರೂ. ಗುಮಾಸ್ತನ ಅರ್ಧ ಕೆಲಸ ಹೆಚ್ಚಿಸುವವರು ನಾವೇ. ಆಧಾರಿನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಮಹಮದ್, ಪಿಎಫ್‌ನಲ್ಲಿ ಎಂ.ಡಿ.; ಒಂದು ಕಡೆ ಸಯ್ಯದ್ ಮುಂದೆ, ಇನ್ನೊಂದು ಕಡೆ ಹಿಂದೆ. ನಮ್ಮ ಸಮುದಾಯದಲ್ಲಿ ಇದು ಮನೆಮನೆಯ ಕಥೆ. ಹೆಸರು ಹೊಂದದಿದ್ದರೆ ಪಿಎಫ್ ಹಣ ತೆಗೆಯುವಾಗ ಸಿಕ್ಕಿಕೊಳ್ಳುತ್ತದೆ. ಈ ತಿಂಗಳೇ ಎಲ್ಲಾ ಕಡೆ ಒಂದೇ ಹೆಸರು ಮಾಡಿಸಿ. ತೆರಿಗೆಯಲ್ಲಿ ಹೊಸ ಪದ್ಧತಿಯೋ ಹಳೆಯದೋ ಈಗಲೇ ತಿಳಿಸಿ. ಹೊಸ ಪದ್ಧತಿಯಲ್ಲಿ ಈ ಹಣಕಾಸು ವರ್ಷ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಇಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ರಸೀದಿಗಳ ಕಟ್ಟೇ ಬೇಕಿಲ್ಲ. ಹಳೆಯ ಪದ್ಧತಿಯಲ್ಲಿರುವವರು ದಾಖಲೆ ತಡಮಾಡಿದರೆ ಉಳಿದ ತೆರಿಗೆಯೆಲ್ಲಾ ಮಾರ್ಚ್ ಸಂಬಳದಲ್ಲೇ ಹೋಗುತ್ತದೆ. ಆಮೇಲೆ ಗುಮಾಸ್ತನ ಮೇಲೆ ಕೂಗಾಡಿ ಫಲವಿಲ್ಲ. ಕೊಡದ ಬಾಡಿಗೆಗೆ ರಸೀದಿ ತಂದು 'ಸೇರಿಸಿಬಿಡಪ್ಪಾ, ಯಾರು ನೋಡುತ್ತಾರೆ' ಎನ್ನಬೇಡಿ. ನೋಡುವವನು ನೋಡುತ್ತಾನೆ. ಅದು ಸುಳ್ಳು ಸಾಕ್ಷಿ; ಬರೆದವನನ್ನೂ ಪಾಪಕ್ಕೆ ಎಳೆಯುತ್ತದೆ.

ಕೊನೆಯದಾಗಿ ಮನೆಯವರಿಗೆ. ಮಾರ್ಚ್‌ನಲ್ಲಿ ತಡವಾಗಿ ಬಂದ ಮಗನನ್ನು ಬಾಗಿಲಲ್ಲೇ ಪ್ರಶ್ನಿಸಬೇಡಿ. ಆಫೀಸಿನಲ್ಲಿ ನೂರಾರು ಜನರ ಲೆಕ್ಕ ಮುಗಿಸಿ ಬಂದ ಮಗಳು, ಸೊಸೆ ಮತ್ತೆ ಇಡೀ ಮನೆಯ ಇಫ್ತಾರ್ ಅಡುಗೆಗೆ ನಿಲ್ಲುವಂತಾಗಬಾರದು. ಪ್ರವಾದಿಯವರು(ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ಒಂದು ತಿಂಗಳು ತಟ್ಟೆ ತೊಳೆದರೆ ಗಂಡಸರ ಮಾನ ಹೋಗುವುದಿಲ್ಲ.

ಕೆಲಸ ಬಿಟ್ಟ ಆ ಯುವಕ ಈಗ ಬೇರೊಂದು ಕಡೆ ಲೆಕ್ಕ ಬರೆಯುತ್ತಿದ್ದಾನೆ. ಅಲ್ಲಿ ಇಬ್ಬರಿದ್ದಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುತ್ತಾರೆ. ಈ ರಂಜಾನಿನಲ್ಲಿ ಅವನು ತರಾವೀಹ್ ಸಫ್‌ನಲ್ಲಿ ನಮ್ಮ ಪಕ್ಕದಲ್ಲಿ ನಿಲ್ಲಲಿ ಎಂಬುದು ನಮ್ಮ ಆಸೆ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರ್ಕತ್ ನೀಡಲಿ. ದುಡಿದವರ ಹಕ್ಕನ್ನೂ ಆ ಹಕ್ಕಿನ ಲೆಕ್ಕ ಬರೆದವರ ಹಕ್ಕನ್ನೂ ಸಲ್ಲಿಸುವ ಸೌಭಾಗ್ಯ ನಮಗೆಲ್ಲರಿಗೂ ಕರುಣಿಸಲಿ. ಆಮೀನ್.